ತಳ ಸೀದು ನಡು ಹಸಿ: ಕೆಂಡದ ಕೇಕು ಕೆಟ್ಟರೆ ಎಲ್ಲಿ ಹುಡುಕಬೇಕು

ತಳ ಕಪ್ಪಾಗಿ ಸೀದಿದೆ. ಮೇಲೆ ಬಿಳುಚಿಕೊಂಡಿದೆ. ನಡುವೆ ಚಾಕು ಹಾಕಿದರೆ ಹಸಿ ಹಿಟ್ಟು ಅಂಟಿಕೊಂಡು ಬರುತ್ತದೆ. ಅಂಗಳದಲ್ಲಿ ಇದ್ದಿಲ ಕೆಂಡದ ಮೇಲೆ ಸಿಹಿ ಬೇಯಿಸಲು ಹೊರಟವರಿಗೆ ಮೊದಲು ಎದುರಾಗುವ ದೋಷ ಇದೇ. ಆಗ ಎಲ್ಲರೂ ಹಿಟ್ಟನ್ನು ಅನುಮಾನಿಸುತ್ತಾರೆ. ಸೋಡಾ ಕಡಿಮೆಯಾಯಿತೇನೋ, ರವೆ ದಪ್ಪ ಇತ್ತೇನೋ, ಬೆಲ್ಲ ಜಾಸ್ತಿಯಾಯಿತೇನೋ ಅಂತ. ಹಿಟ್ಟಿನ ವಿಚಾರ ಕೊನೆಗೆ ಇಟ್ಟುಕೊಳ್ಳಿ. ಕೆಂಡ ಎಲ್ಲಿತ್ತು, ಎಷ್ಟಿತ್ತು ಅನ್ನುವುದನ್ನು ಮೊದಲು ನೋಡಿ. ಬಹುತೇಕ ಸಲ ತಪ್ಪು ಅಲ್ಲೇ ಸಿಗುತ್ತದೆ.

ಉದಾಹರಣೆಗೆ ತವಸಳಿಯನ್ನೇ ಇಟ್ಟುಕೊಳ್ಳೋಣ. ಉತ್ತರ ಕನ್ನಡ, ಗೋವಾ ಕಡೆಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತುರಿ, ರವೆ, ಬೆಲ್ಲ, ತೆಂಗಿನತುರಿ ಸೇರಿಸಿ ಮಾಡುವ ಕೇಕು ಅದು. ಓವನ್ ಬರುವ ಮೊದಲು ಇದನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದರು. ಈಗಲೂ ಹಾಗೆ ಮಾಡಿದರೆ ಬರುವ ರುಚಿಯೇ ಬೇರೆ. ಮೇಲಿನ ಪದರ ಕೆಂಪಗಾಗಿ, ಅಂಚಿನಲ್ಲಿ ಬೆಲ್ಲ ಸ್ವಲ್ಪ ಅಂಟುಅಂಟಾಗಿ, ಒಳಗೆ ಮೆತ್ತಗೆ ಇರುತ್ತದೆ. ರವೆ ಕೇಕು, ಬಾಳೆಹಣ್ಣಿನ ಕೇಕು, ಬಿಸ್ಕತ್ತು ಯಾವುದಕ್ಕಾದರೂ ಇಲ್ಲಿ ಹೇಳುವ ಲೆಕ್ಕವೇ ನಡೆಯುತ್ತದೆ.

ಮೊದಲು ಸರಿಯಾದ ಲೆಕ್ಕ

ದೋಷ ಹುಡುಕುವ ಮೊದಲು ಸರಿಯಿದ್ದರೆ ಹೇಗಿರುತ್ತದೆ ಅಂತ ಗೊತ್ತಿರಬೇಕಲ್ವಾ. ಕೇಕಿಗೆ ಪಾತ್ರೆಯ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬೇಕು. ಒಲೆಯ ಅಡುಗೆಗೆ ಕಾವು ಕೆಳಗಿನಿಂದ ಬಂದರೆ ಸಾಕು. ಬೇಕಿಂಗಿಗೆ ಮೇಲಿನಿಂದಲೇ ಹೆಚ್ಚು ಬರಬೇಕು.

ಕಾರಣ ಸರಳ. ಪಾತ್ರೆಯ ತಳ ಹಿಟ್ಟಿಗೆ ನೇರ ತಾಗಿರುತ್ತದೆ. ಕೆಳಗಿನ ಕೆಂಡದ ಕಾವೆಲ್ಲ ಲೋಹದ ಮೂಲಕ ಸೀದಾ ಹಿಟ್ಟಿಗೆ ಹೋಗುತ್ತದೆ. ಮುಚ್ಚಳಕ್ಕೂ ಹಿಟ್ಟಿಗೂ ನಡುವೆ ಗಾಳಿ ಇದೆ. ಮುಚ್ಚಳ ಚೆನ್ನಾಗಿ ಕಾದರೆ ಮಾತ್ರ ಅದರ ಝಳ ಕೆಳಗಿಳಿದು ಕೇಕಿನ ಮುಖವನ್ನು ಕೆಂಪಗೆ ಮಾಡುತ್ತದೆ. ಮುಚ್ಚಳದ ಮೇಲಿನ ಕೆಂಡದ ಕಾವಿನಲ್ಲಿ ಬಹಳಷ್ಟು ಆಕಾಶದ ಪಾಲಾಗುತ್ತದೆ ಬೇರೆ. ಅದಕ್ಕೇ ಕೆಂಡದಲ್ಲಿ ಎರಡು ಪಾಲು ಮೇಲೆ, ಒಂದು ಪಾಲು ಕೆಳಗೆ.

ಅಮೆರಿಕದಲ್ಲಿ ಡಚ್ ಓವನ್ ಅನ್ನುವ ಕಾಸ್ಟ್ ಐರನ್ ಪಾತ್ರೆಯಲ್ಲಿ ಹೊರಗೆ ಬೇಯಿಸುವವರಿಗೆ ಒಂದು ಸುಲಭ ಸೂತ್ರ ಇದೆ. ಪಾತ್ರೆಯ ಅಗಲ ಎಷ್ಟು ಇಂಚೋ ಅದಕ್ಕೆ 3 ಕೂಡಿಸಿದಷ್ಟು ಇದ್ದಿಲ ಬಿಲ್ಲೆ ಮೇಲೆ, 3 ಕಳೆದಷ್ಟು ಕೆಳಗೆ. 10 ಇಂಚಿನ ಪಾತ್ರೆಗೆ 13 ಮೇಲೆ, 7 ಕೆಳಗೆ. 12 ಇಂಚಿನದ್ದಕ್ಕೆ 15 ಮೇಲೆ, 9 ಕೆಳಗೆ. ಇನ್ನೆರಡು ಬಿಲ್ಲೆ ಸೇರಿಸಿದರೆ ಸುಮಾರು 14 ಡಿಗ್ರಿ ಏರುತ್ತದೆ. ಈ ಲೆಕ್ಕ ಒಂದೇ ಅಳತೆಯಲ್ಲಿ ಒತ್ತಿ ಮಾಡಿದ ಬಿಲ್ಲೆಗಳಿಗೆ ಮಾತ್ರ. ನಮ್ಮಲ್ಲಿ ಚೀಲದಲ್ಲಿ ಸಿಗುವ ಕಟ್ಟಿಗೆ ಇದ್ದಿಲು ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಮುಷ್ಟಿಯಷ್ಟು ಇರುತ್ತದೆ. ಅದನ್ನು ಎಣಿಸಿ ಪ್ರಯೋಜನ ಇಲ್ಲ. ದೊಡ್ಡದನ್ನು ಒಡೆದು ಲಿಂಬೆಹಣ್ಣಿನ ಗಾತ್ರಕ್ಕೆ ತನ್ನಿ. ಆಮೇಲೆ ಎರಡು ಪಾಲು, ಒಂದು ಪಾಲು ಅಂತ ಹಂಚಿ.

ತಳ ಸೀದಿದೆ, ನಡು ಹಸಿ

ಇದಕ್ಕೆ ಕಾರಣಗಳನ್ನು ಈ ಕ್ರಮದಲ್ಲಿ ನೋಡಿ.

ಒಂದು, ಕೆಳಗಿನ ಕೆಂಡ ಪಾತ್ರೆಗೆ ತಾಗಿತ್ತೇ? ಕೆಂಡದ ಮೇಲೇ ಪಾತ್ರೆ ಕೂರಿಸಿದರೆ ತಾಗಿದ ಕಡೆಯೆಲ್ಲ ಕಪ್ಪು ಮಚ್ಚೆ ಬೀಳುತ್ತದೆ. ಕೇಕನ್ನು ಮಗುಚಿ ತಳ ನೋಡಿ. ಮಚ್ಚೆ ಮಚ್ಚೆಯಾಗಿ ಸೀದಿದ್ದರೆ ಇದೇ ಕಾರಣ. ಮೂರು ಇಟ್ಟಿಗೆ ತುಂಡುಗಳ ಮೇಲೆ ಪಾತ್ರೆ ಇಡಿ. ಕೆಂಡಕ್ಕೂ ತಳಕ್ಕೂ ಎರಡು ಬೆರಳಿನಷ್ಟಾದರೂ ಜಾಗ ಇರಲಿ.

ಎರಡು, ಕೆಂಡವನ್ನು ನಡುವೆ ಗುಡ್ಡೆ ಹಾಕಿದ್ದಿರೇ? ತಳದ ನಡುವೆ ಮಾತ್ರ ದುಂಡಗೆ ಕಪ್ಪಾಗಿದ್ದರೆ ಹೌದು ಅಂತ ತಿಳಿಯಿರಿ. ಕೆಳಗಿನ ಕೆಂಡ ಬಳೆಯಂತೆ ಸುತ್ತಲೂ ಅಂಚಿನಲ್ಲಿರಬೇಕು, ನಡು ಖಾಲಿ ಇರಬೇಕು. ಲೋಹವೇ ಕಾವನ್ನು ನಡುವಿಗೆ ಒಯ್ಯುತ್ತದೆ.

ಮೂರು, ತಳ ಪೂರ್ತಿ ಒಂದೇ ಸಮ ಕಪ್ಪಾಗಿದೆಯೇ? ಹಾಗಾದರೆ ಕೆಂಡ ಇಟ್ಟ ರೀತಿ ಸರಿ, ಪ್ರಮಾಣ ಜಾಸ್ತಿ. ಕೆಳಗಿನದ್ದರಲ್ಲಿ ಮೂರನೇ ಒಂದು ಭಾಗ ತೆಗೆದು ಮುಚ್ಚಳದ ಮೇಲೆ ಹಾಕಿ. ಅದಕ್ಕೂ ಸರಿಹೋಗದಿದ್ದರೆ ಪಾತ್ರೆಯೇ ತೆಳ್ಳಗಿದೆ. ಆಗ ಮರಳಿನ ಉಪಾಯ ಮಾಡಿ. ದೊಡ್ಡ ಪಾತ್ರೆಯ ತಳಕ್ಕೆ ಒಣಗಿದ ಮರಳು ಒಂದು ಇಂಚು ಹಾಕಿ, ಅದರ ಮೇಲೆ ಕೇಕಿನ ಡಬ್ಬಿ ಇಡಿ. ಓವನ್ ಇಲ್ಲದ ಮನೆಗಳಲ್ಲಿ ಕುಕ್ಕರಿನೊಳಗೆ ಮರಳು ಹಾಕಿ ಕೇಕು ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಮರಳು ಕಾಯಲು ಹೊತ್ತು ಬೇಕು. ಹಿಟ್ಟು ಇಡುವ ಮೊದಲು 15 ನಿಮಿಷ ಖಾಲಿ ಮರಳನ್ನೇ ಕಾಯಿಸಿ.

ಬೆಲ್ಲದ ಬಗ್ಗೆ ಒಂದು ಮಾತು. ಸಕ್ಕರೆ ಹಾಕಿದ ಕೇಕಿಗಿಂತ ಬೆಲ್ಲದ ಕೇಕು ಬೇಗ ಕಪ್ಪಾಗುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ, ಅವು ಬರೀ ಸಕ್ಕರೆಗಿಂತ ಕಡಿಮೆ ಕಾವಿಗೇ ಕಂದುಬಣ್ಣಕ್ಕೆ ತಿರುಗುತ್ತವೆ. ಅಂದಮೇಲೆ ತವಸಳಿಗೆ ಕೆಳಗಿನ ಕೆಂಡ ಇನ್ನೂ ಒಂದು ಕೈ ಕಡಿಮೆಯೇ ಇರಲಿ. ತಳಕ್ಕೆ ತುಪ್ಪ ಸವರಿ ಬಾಳೆ ಎಲೆ ಹಾಸುವ ರೂಢಿ ಸುಮ್ನೆ ಪರಿಮಳಕ್ಕೆ ಅಂತಲ್ಲ. ಬೆಲ್ಲ ನೇರವಾಗಿ ಬಿಸಿ ಲೋಹಕ್ಕೆ ಅಂಟದಂತೆ ಎಲೆ ತಡೆಯುತ್ತದೆ. ಎಲೆಯನ್ನು ಕೆಂಡದ ಮೇಲೆ ಒಂದು ಗಳಿಗೆ ಬಾಡಿಸಿ ಹಾಸಿ, ಇಲ್ಲವಾದರೆ ಮಡಚುವಾಗ ಸೀಳುತ್ತದೆ.

ಮೂಗನ್ನು ನಂಬಿ. ಇದು ನಾನು ಯಾರಿಗಾದರೂ ಮೊದಲು ಹೇಳಿಕೊಡುವ ಸಂಗತಿ. ತವಸಳಿ ಬೇಯುವಾಗ ವಾಸನೆ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ಬೇಯಿಸಿದ ಸೌತೆಕಾಯಿಯ ಹಸಿರು ಹಬೆ. ಆಮೇಲೆ ಬೆಲ್ಲದ ಪಾಕದ ವಾಸನೆ. ಕೊನೆಗೆ ಹುರಿದ ತೆಂಗಿನಕಾಯಿ ಮತ್ತು ತುಪ್ಪದ ವಾಸನೆ. ಹಬೆಯ ವಾಸನೆ ಇನ್ನೂ ಜೋರಾಗಿರುವಾಗಲೇ ತೆಂಗಿನಕಾಯಿ ಹುರಿದ ವಾಸನೆ ಬಂದರೆ ತಳ ಓಡುತ್ತಿದೆ, ನಡು ಹಿಂದೆ ಬಿದ್ದಿದೆ. ತಕ್ಷಣ ಕೆಳಗಿನ ಕೆಂಡ ಅರ್ಧ ಎಳೆಯಿರಿ. ಆ ಹೊತ್ತಿಗೆ ಕೇಕು ಇನ್ನೂ ಕೈ ತಪ್ಪಿರುವುದಿಲ್ಲ. ಕಹಿ ಹೊಗೆಯ ವಾಸನೆ ಬಂದಮೇಲೆ ಎಳೆದು ಉಪಯೋಗ ಇಲ್ಲ.

ಮುಖ ಬಿಳುಚಿದೆ, ಅಂಟುಅಂಟಾಗಿದೆ

ಮುಚ್ಚಳ ಎತ್ತಿ ಅದರ ಒಳಮೈ ನೋಡಿ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದು. ಒಳಮೈಯಲ್ಲಿ ನೀರಹನಿ ಸಾಲುಗಟ್ಟಿ ನಿಂತು ಕೇಕಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಮುಚ್ಚಳ ಇನ್ನೂ 100 ಡಿಗ್ರಿಗೆ ಬಂದಿಲ್ಲ ಅಂತ ಅರ್ಥ. ಆ ಕಾವಿನಲ್ಲಿ ಕೇಕು ಬೇಕ್ ಆಗುವುದಿಲ್ಲ, ಇಡ್ಲಿಯ ಹಾಗೆ ಹಬೆಯಲ್ಲಿ ಬೇಯುತ್ತದೆ. ಮುಖ ಕೆಂಪಗಾಗಲು 140 ಡಿಗ್ರಿಗಿಂತ ಮೇಲೆ ಹೋಗಬೇಕು, ಒದ್ದೆಯಾಗಿರುವಷ್ಟು ಹೊತ್ತು ಅದು ಸಾಧ್ಯವೇ ಇಲ್ಲ. ಒಳಮೈ ಒಣಗಿದ್ದು, ಒಂದು ತೊಟ್ಟು ನೀರು ಹಾಕಿದರೆ ಚುರ್ ಅಂತ ಹಾರಿಹೋದರೆ ಮೇಲಿನ ಕಾವು ಸರಿಯಿದೆ.

ಒದ್ದೆಯಿದ್ದರೆ ಮೊದಲು ಮುಚ್ಚಳದ ಮೇಲಿನ ಬೂದಿ ನೋಡಿ. ಕೆಂಡ ಉರಿದಂತೆ ಅದರ ಸುತ್ತ ಬೂದಿಯ ಪದರ ಕಟ್ಟುತ್ತದೆ. ಆ ಪದರ ಕಾವನ್ನು ಒಳಗೇ ಹಿಡಿದಿಡುತ್ತದೆ. ಕೆಂಡ ಬೇಕಾದಷ್ಟು ಇದ್ದರೂ ಮುಚ್ಚಳ ಕಾಯುವುದಿಲ್ಲ. ಇಕ್ಕಳದಿಂದ ಒಂದೊಂದೇ ಕೆಂಡವನ್ನು ಮೆಲ್ಲಗೆ ತಟ್ಟಿ ಬೂದಿ ಬೀಳಿಸಿ, ಬೀಸಣಿಗೆಯಲ್ಲಿ ಸ್ವಲ್ಪ ಬೀಸಿ. ಊದುಗೊಳವೆ ಬೇಡ, ಬೂದಿ ಸಂದಿಗೆ ನುಗ್ಗುತ್ತದೆ. ಇಷ್ಟಕ್ಕೇ ಸರಿಹೋಗುವುದು ಹೆಚ್ಚು. ಆಗದಿದ್ದರೆ ಹೊಸ ಕೆಂಡ ಸೇರಿಸಿ.

ಮೇಲಿನ ಕಾವಿಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಗೋವಾದ ಬೆಬಿಂಕಾ ಸಾಕ್ಷಿ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಸೇರಿಸಿದ ಹಿಟ್ಟನ್ನು ಒಂದೊಂದೇ ಪದರ ಸುರಿದು, ಹಳೆಯ ಪದ್ಧತಿಯಲ್ಲಿ ಮೇಲಿಟ್ಟ ಕೆಂಡದ ಕಾವಿನಲ್ಲೇ ಕೆಂಪಗೆ ಮಾಡುತ್ತಾರೆ. ಒಂದು ಪದರ ಬಣ್ಣ ಬಂದಮೇಲೆ ಇನ್ನೊಂದು. ನಿಮ್ಮ ಕೇಕು ಪೂರ್ತಿ ಬೆಂದು ಮುಖ ಮಾತ್ರ ಬಿಳುಚಿ ಉಳಿದಿದ್ದರೆ ಇದೇ ದಾರಿ ಹಿಡಿಯಿರಿ. ಕೆಳಗಿನ ಕೆಂಡ ಪೂರ್ತಿ ತೆಗೆಯಿರಿ. ಇದ್ದದ್ದೆಲ್ಲ ಮೇಲೆ ಹಾಕಿ 5ರಿಂದ 8 ನಿಮಿಷ ಬಿಡಿ.

ಒಂದು ಬದಿ ಕಪ್ಪು, ಇನ್ನೊಂದು ಬದಿ ಹಸಿ

ಗಾಳಿಯ ಕೆಲಸ. ಗಾಳಿ ಬೀಸುವ ಬದಿಯ ಕೆಂಡ ಬೇಗ ಉರಿದು ಜೋರು ಕಾವು ಕೊಡುತ್ತದೆ, ಬೇಗ ಬೂದಿಯೂ ಆಗುತ್ತದೆ. ಗಾಳಿ ಬರುವ ಕಡೆಗೆ ಇಟ್ಟಿಗೆ ಅಥವಾ ತಗಡು ಅಡ್ಡ ಇಡಿ. ಸುತ್ತಲೂ ಮುಚ್ಚಬೇಡಿ, ಕೆಂಡಕ್ಕೂ ಉಸಿರಾಡಲು ಗಾಳಿ ಬೇಕು. ಜೊತೆಗೆ 10ರಿಂದ 15 ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಬಲಕ್ಕೆ, ಮುಚ್ಚಳವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ. ಒಂದು ಬದಿಯಲ್ಲಿ ಬಲವಾದ ಕೆಂಡ ಇದ್ದರೂ ಅದು ಕೇಕಿನ ಒಂದೇ ಜಾಗಕ್ಕೆ ಬಡಿಯುವುದಿಲ್ಲ.

ಕೇಕು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದ್ದರೆ ಕೆಂಡದ ತಪ್ಪಲ್ಲ, ನೆಲ ಓರೆ ಇದೆ. ಹಿಟ್ಟು ಹಾಕುವ ಮೊದಲು ಪಾತ್ರೆಗೆ ಒಂದು ಲೋಟ ನೀರು ಹಾಕಿ ಮಟ್ಟ ನೋಡಿಕೊಳ್ಳಿ, ಆಮೇಲೆ ನೀರು ಚೆಲ್ಲಿ ಒರೆಸಿ.

ಅರ್ಧದಲ್ಲೇ ಕಾವು ಇಳಿಯಿತು

ಅರ್ಧ ಬೆಂದ ಕೇಕು ತಣ್ಣಗಾದರೆ ಮತ್ತೆ ಏಳುವುದಿಲ್ಲ. ತವಸಳಿಗೆ 40ರಿಂದ 50 ನಿಮಿಷ ಬೇಕು. ಮೆದು ಕಟ್ಟಿಗೆಯ ಇದ್ದಿಲು ಅಷ್ಟು ಹೊತ್ತು ತಡೆಯುವುದಿಲ್ಲ. ತೆಂಗಿನ ಕರಟದ ಇದ್ದಿಲು, ಗಟ್ಟಿ ಮರದ ಇದ್ದಿಲು ಹೆಚ್ಚು ಹೊತ್ತು ನಿಲ್ಲುತ್ತವೆ. ಇದ್ದಿಲು ಮಾಡದೆ ಹಸಿ ಕರಟವನ್ನೇ ನೇರ ಸುಟ್ಟು ಮಾಡಿದ ಕೆಂಡ ನೋಡಲು ಜೋರು, ಆದರೆ ತೆಳುವಾದ್ದರಿಂದ ಬೇಗ ಮುಗಿಯುತ್ತದೆ. ಯಾವುದೇ ಇರಲಿ, ಪಕ್ಕದಲ್ಲಿ ಒಂದು ಅಗ್ಗಿಷ್ಟಿಕೆಯಲ್ಲಿ ಎರಡನೇ ಕಂತಿನ ಕೆಂಡ ತಯಾರಾಗುತ್ತಿರಲಿ. ಮೊದಲನೆಯದ್ದು ಹಾಕಿದ 20 ನಿಮಿಷಕ್ಕೆ ಇದಕ್ಕೆ ಬೆಂಕಿ ಹಚ್ಚಿದರೆ ಸರಿಹೊತ್ತಿಗೆ ಸಿಗುತ್ತದೆ. ತಣ್ಣಗಿನ ಕಪ್ಪು ಇದ್ದಿಲನ್ನು ಮುಚ್ಚಳದ ಮೇಲೆ ಹಾಕಿ ಅಲ್ಲೇ ಹತ್ತಿಕೊಳ್ಳಲಿ ಅಂತ ಬಿಡಬೇಡಿ. ಅದು ಹತ್ತಿಕೊಳ್ಳುವಷ್ಟರಲ್ಲಿ ಇದ್ದ ಕಾವೂ ಹೋಗಿರುತ್ತದೆ, ಹೊಗೆಯೂ ಬರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಳ್ಳ ಇದ್ದಾನೆ, ಒದ್ದೆ ನೆಲ. ಕೆಳಗಿನ ಕೆಂಡದ ಕಾವನ್ನು ನೆಲದ ತೇವ ಹೀರಿಕೊಳ್ಳುತ್ತದೆ. ಇಟ್ಟಿಗೆ ಹಾಸಿ ಅದರ ಮೇಲೆ ಕೆಂಡ ಮಾಡಿ. ಹೊಳೆಯಿಂದ ತಂದ ಕಲ್ಲು ಬೇಡ. ಒಳಗೆ ನೀರು ಕೂತಿರುವ ಕಲ್ಲು ಕಾದರೆ ಸಿಡಿಯಬಹುದು. ಇದ್ದಿಲ ಚೀಲವೂ ತೇವ ಎಳೆದಿರುತ್ತದೆ, ಹಿಂದಿನ ದಿನವೇ ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟು ಒಣಗಿಸಿ. ಮಳೆ ಬಂತು ಅಂತ ಉರಿಯುವ ಕೆಂಡವನ್ನು ಕೋಣೆಯೊಳಗೆ ಮಾತ್ರ ಒಯ್ಯಬೇಡಿ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಕೇಕು ಹೋದರೆ ಹೋಗಲಿ.

ಹೊಗೆ ವಾಸನೆ, ಬಾಯಿಗೆ ಬೂದಿ

ಹೊಗೆ ವಾಸನೆ ಬಂದರೆ ಅವಸರ ಮಾಡಿದ್ದೀರಿ. ಇದ್ದಿಲು ಪೂರ್ತಿ ಹತ್ತಿ, ಹೊಗೆ ನಿಂತು, ಮೈತುಂಬ ತೆಳುವಾದ ಬಿಳಿ ಬೂದಿ ಕಟ್ಟುವ ತನಕ ಪಾತ್ರೆ ಇಡಬಾರದು. ಸೀಮೆಎಣ್ಣೆ ಸುರಿದು ಹಚ್ಚಿದರೆ ಆ ನಾತ ತುಪ್ಪಕ್ಕೆ ಹಿಡಿದುಕೊಳ್ಳುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಒಣಗಿದ ತೆಂಗಿನ ನಾರು, ಒಂದೆರಡು ಕರಟ ಸಾಕು.

ಬೂದಿ ಬೀಳುವುದು ಮುಚ್ಚಳ ತೆಗೆಯುವ ರೀತಿಯಿಂದ. ಓರೆ ಮಾಡಿ ಎತ್ತಬೇಡಿ. ಮೊದಲು ಅಂಚಿನ ಬೂದಿಯನ್ನು ಗುಡಿಸಿ, ಎರಡು ಇಕ್ಕಳದಿಂದ ನೇರ ಮೇಲಕ್ಕೆ ಎತ್ತಿ, ಆಮೇಲೆ ಪಕ್ಕಕ್ಕೆ ಒಯ್ಯಿರಿ. ಅಂಚು ಮಡಚಿದ ಕಬ್ಬಿಣದ ತಟ್ಟೆ ಮುಚ್ಚಳಕ್ಕೆ ಒಳ್ಳೆಯದು, ಕೆಂಡ ಜಾರುವುದಿಲ್ಲ. ಪದೇ ಪದೇ ತೆಗೆದು ನೋಡುವುದೂ ಬೇಡ. ಮೊದಲ 25 ನಿಮಿಷ ಮುಚ್ಚಳ ಎತ್ತಲೇಬೇಡಿ, ಇದ್ದಲ್ಲೇ ತಿರುಗಿಸಿದರೆ ಸಾಕು.

ಪಾತ್ರೆಯ ದೋಷ

ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ ಬೇಡವೇ ಬೇಡ. ಕಲಾಯಿ ಅಂದರೆ ತವರ. ಅದು 232 ಡಿಗ್ರಿಗೆ ಕರಗುತ್ತದೆ. ನೀರಿರುವ ಅಡುಗೆಯಲ್ಲಿ ಪಾತ್ರೆ ಅಷ್ಟು ಕಾಯುವುದಿಲ್ಲ, ಆದರೆ ಕೆಂಡದ ಒಣ ಕಾವಿನಲ್ಲಿ ಸುಲಭವಾಗಿ ದಾಟುತ್ತದೆ. ಕೇಕಿನ ಅಂಚಿನಲ್ಲಿ ಬೆಳ್ಳಿಬಣ್ಣದ ಸಣ್ಣ ಗುಂಡು ಕಂಡರೆ ಅದು ಕರಗಿದ ಕಲಾಯಿ. ಆ ಕೇಕನ್ನು ತಿನ್ನಬೇಡಿ. ನಾನ್‌ಸ್ಟಿಕ್ ಪಾತ್ರೆಯೂ ಬೇಡ, ಅದರ ಲೇಪ 260 ಡಿಗ್ರಿ ದಾಟಿದರೆ ಒಡೆಯಲು ಶುರುವಾಗುತ್ತದೆ. ತೆಳು ಅಲ್ಯೂಮಿನಿಯಂ ಮುಚ್ಚಳ ಸೊಟ್ಟಗಾಗಿ ಸಂದಿ ಬಿಡುತ್ತದೆ. ಬೀಸಿದ ಕೆಂಡದ ಕಾವು ಅಲ್ಯೂಮಿನಿಯಂ ಕರಗುವ 660 ಡಿಗ್ರಿಯನ್ನೂ ಮೀರಬಲ್ಲದು. ದಪ್ಪ ಕಬ್ಬಿಣ ಅಥವಾ ಕಾಸ್ಟ್ ಐರನ್ ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದೂ ಕೆಟ್ಟರೆ ಹಿಟ್ಟು ನೋಡಿ

ಒಳಗೆ ಮರಳು ಮರಳಾಗಿದ್ದರೆ ರವೆ ನೆನೆದಿಲ್ಲ. ಹುರಿದ ರವೆಗೆ ಸೌತೆಕಾಯಿ ತುರಿಯನ್ನು ನೀರು ಹಿಂಡದೆ ಸೇರಿಸಿ ಅರ್ಧ ಗಂಟೆ ಬಿಡಿ. ಎರಡು ಲೋಟ ರವೆಗೆ ಸುಮಾರು ಎರಡು ಲೋಟ ತುರಿ ಹಿಡಿಯುತ್ತದೆ, ಆದರೆ ಎಲ್ಲ ಕಾಯಿಯಲ್ಲೂ ನೀರು ಒಂದೇ ಸಮ ಇರುವುದಿಲ್ಲ. ಇಡ್ಲಿ ಹಿಟ್ಟಿನ ಹದಕ್ಕೆ ಬಂದರೆ ಸರಿ. ನೀರಾಗಿದ್ದರೆ ನಡು ಎಷ್ಟು ಹೊತ್ತಾದರೂ ಗಟ್ಟಿಯಾಗುವುದಿಲ್ಲ, ನೀರು ಆರುವ ತನಕ ಒಳಗಿನ ಕಾವು 100 ಡಿಗ್ರಿ ದಾಟದು. ಹಿಟ್ಟಿನ ಎತ್ತರವೂ ಎರಡು ಇಂಚು ಮೀರದಿರಲಿ.

ಉಬ್ಬಿ ನಡು ಕುಸಿದಿದ್ದರೆ ಎರಡು ಸಾಧ್ಯತೆ. ಬೇಯುವ ಮೊದಲೇ ಮುಚ್ಚಳ ತೆಗೆದಿದ್ದೀರಿ, ಇಲ್ಲವೇ ಸೋಡಾ ಜಾಸ್ತಿ. ಉಬ್ಬಲೇ ಇಲ್ಲ ಅಂದರೆ ಸೋಡಾ ಬೆರೆಸಿದಮೇಲೆ ಕೆಂಡಕ್ಕೆ ಕಾದಿದ್ದೀರಿ. ಹಿಟ್ಟಿಗೆ ಮೊಸರು ಹಾಕಿದ್ದರೆ ಸೋಡಾ ಅದಕ್ಕೆ ತಾಗಿದ ಕ್ಷಣದಿಂದಲೇ ಗಾಳಿಗುಳ್ಳೆ ಬಿಡುತ್ತದೆ. ಅದು ನಿಮಗಾಗಿ ಕಾಯುವುದಿಲ್ಲ. ಕೆಂಡ ತಯಾರಾಗಿ, ಪಾತ್ರೆ ಕಾದಮೇಲೆ ಸೋಡಾ ಬೆರೆಸಿ. ಹಳೆಯ ತವಸಳಿಗೆ ಸೋಡಾ ಇರಲೇ ಇಲ್ಲ, ಅದು ಸ್ವಲ್ಪ ಗಟ್ಟಿಯಾಗಿಯೇ ಇರಬೇಕು. ನನಗೆ ಅದೇ ಇಷ್ಟ.

ಕಹಿಯಿದ್ದರೆ ಸೀದದ್ದೋ ಸೌತೆಕಾಯಿಯದ್ದೋ ಬೇರ್ಪಡಿಸಿ. ನಡುವಿನ ತುಂಡು ತಿಂದು ನೋಡಿ. ಅಲ್ಲೂ ಕಹಿಯಿದ್ದರೆ ಕಾಯಿಯದ್ದೇ. ಮುಂದಿನ ಸಲ ತುರಿಯುವ ಮೊದಲು ಎರಡೂ ತುದಿ ಕತ್ತರಿಸಿ ರುಚಿ ನೋಡಿ.

ಬೆಂದಿದೆಯೋ ಇಲ್ಲವೋ

ತೆಂಗಿನಗರಿಯ ಕಡ್ಡಿ ನಡುವಿಗೆ ಚುಚ್ಚಿ ತೆಗೆಯಿರಿ. ಹಸಿ ಹಿಟ್ಟು ಅಂಟಿದ್ದರೆ ಇನ್ನೂ ಬೇಕು. ಬೆಲ್ಲದ ಜಿಗುಟು ಸ್ವಲ್ಪ ಇದ್ದರೆ ಪರವಾಗಿಲ್ಲ. ಅಂಚು ಪಾತ್ರೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೆ ಬರುತ್ತದೆ. ಆಗ ಕೆಳಗಿನ ಕೆಂಡ ಪೂರ್ತಿ ಸರಿಸಿ, ಮೇಲಿನದ್ದನ್ನೂ ತೆಗೆದು, ಮುಚ್ಚಳ ಸ್ವಲ್ಪ ಓರೆ ಇಟ್ಟು ಬಿಡಿ. ಬಿಸಿಯಲ್ಲೇ ಕತ್ತರಿಸಿದರೆ ಬೆಂದದ್ದೂ ಹಸಿಯ ಹಾಗೆ ಕಾಣುತ್ತದೆ, ರವೆ ತಣಿಯುವಾಗಲೇ ಬಿಗಿಯಾಗುವುದು. ಒಂದು ಗಂಟೆ ಬಿಟ್ಟು ಕತ್ತರಿಸಿ.

ತಳ ಮಾತ್ರ ಸೀದಿದ್ದರೆ ಎಸೆಯಬೇಡಿ. ಪೂರ್ತಿ ತಣಿದಮೇಲೆ ಮಗುಚಿ, ಎಲೆ ಬಿಡಿಸಿ, ಕಪ್ಪು ಪದರವನ್ನು ಹಲ್ಲಿರುವ ಚಾಕುವಿನಿಂದ ಸವರಿ ತೆಗೆಯಿರಿ. ಬಿಸಿಯಲ್ಲಿ ತೆಗೆಯಲು ಹೋದರೆ ಕಹಿ ಪುಡಿ ಒಳಗೆಲ್ಲ ಅಂಟುತ್ತದೆ. ಉಳಿದದ್ದನ್ನು ತುಂಡು ಮಾಡಿ ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಮಾಡಿದರೆ ಮರುದಿನದ ಕಾಫಿಗೆ ಚೆನ್ನಾಗಿರುತ್ತದೆ. ಬೂದಿಯೊಳಗಿನ ಕೆಂಡ ಮರುದಿನ ಬೆಳಗಿನ ತನಕ ಜೀವ ಹಿಡಿದಿರಬಲ್ಲದು. ಮಲಗುವ ಮೊದಲು ನೀರು ಹಾಕಿ ಕೆದಕಿ, ಮತ್ತೊಮ್ಮೆ ನೀರು ಹಾಕಿ.